ಅಂಟಿಸಿದ ಮೂರು ಚಿತ್ರಗಳು

ಆ ದೇಸಾಯರ ವಾಡೆಯ ಹೆಸರನ್ನು ನಾನು ಬರೆಯುವುದಿಲ್ಲ. ಹೆದರಿಕೆ ಏನೂ ಇಲ್ಲ, ನಾನು ಹೆದರಬೇಕಾಗಿದ್ದ ಮಂದಿ ತೀರಿಹೋಗಿ ಎಷ್ಟೋ ವರ್ಷವಾಯಿತು. ಹೆಸರು ಬರೆದರೆ ಓದುವವರ ಸಿಟ್ಟೆಲ್ಲ ಆ ಮನೆತನದ ಮೇಲೆ ಹೋಗುತ್ತದೆ, ನಾನು ಸುಮ್ಮನೆ ಪಾರಾಗಿಬಿಡುತ್ತೇನೆ. ಹಾಗಾಗಬಾರದು. ಹಾನಗಲ್ಲ ತಾಲೂಕು, ತಿಳವಳ್ಳಿ ಕಡೆಗೆ ಹೋಗುವ ದಾರಿಯ ಮೇಲಿನ ಒಂದು ದೊಡ್ಡ ಊರು, ಅಷ್ಟು ಸಾಕು. ಎರಡನೆಯ ಮಹಾಯುದ್ಧ ಆಗಿನ್ನೂ ಶುರುವಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಗಾಜು ಕೇಳಿದಷ್ಟು ಸಿಗುತ್ತಿತ್ತು.

ನಾನು ಸವಣೂರಿನಲ್ಲಿ ಚಿತ್ರಗಳಿಗೆ ಕಟ್ಟು ಹಾಕುವವ. ಮುಂಬೈಯಲ್ಲಿ ಅಚ್ಚಾದ ದೇವರ ಪಟ, ಸತ್ತವರ ಫೋಟೋ, ಮದುವೆಯ ಮಾನಪತ್ರ, ಇವು ನನ್ನ ಕೈಗೆ ಬರುತ್ತಿದ್ದ ಮಾಲು. ನನಗೆ ಕೆಲಸ ಕಲಿಸಿದ ಉಸ್ತಾದರು ಎರಡೇ ಮಾತು ಹೇಳಿಕೊಟ್ಟಿದ್ದರು. ಚಿತ್ರದ ಸುತ್ತಲಿನ ಬಿಳಿ ಅಂಚನ್ನು ಗೆರೆಯವರೆಗೆ ಕೊಯ್ದು ಬಿಡಬೇಕು. ಬೆನ್ನಿಗೆ ತುಂಬ ಸರಿ, ಅಂದರೆ ಮೈದಾದ ಅಂಟು, ಬಳಿದು ರಟ್ಟಿಗೆ ಅಂಟಿಸಬೇಕು, ಮಳೆಗಾಲದಲ್ಲಿ ಚಿತ್ರ ಹೊಟ್ಟೆ ಬಿಡಬಾರದು. ಗೋಡೆಯ ಮೇಲೆ ಉಬ್ಬಿದ ಚಿತ್ರ ಕಂಡರೆ ಉಸ್ತಾದರು ಅದನ್ನು ಯಾರು ಕಟ್ಟಿದ್ದೆಂದು ಕೇಳಿ, ಆ ಮನುಷ್ಯನ ಹೆಸರನ್ನು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಹೀಗಾಗಿ ಸರಿ ಕಾಯಿಸುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಮೈದಾ, ನೀರು, ಹುಳ ಬೀಳದಿರಲಿ ಎಂದು ಒಂದು ಚೂರು ಮೈಲುತುತ್ತ. ಉಗುರು ಹಾಕಿ ಕಿತ್ತರೆ ಉಗುರು ಹೋಗಬೇಕೇ ಹೊರತು ಚಿತ್ರ ಏಳಬಾರದು, ಹಾಗೆ ಅಂಟುತ್ತಿತ್ತು. ಆ ಕೈಗುಣದ ಬಗ್ಗೆ ನನಗೆ ಭಾಳ ಜಂಬ ಇತ್ತು.

ಆಷಾಢದಲ್ಲಿ ವಾಡೆಯ ಕಾರಭಾರಿ ನನ್ನ ಅಂಗಡಿಗೆ ಬಂದರು. ದೇಸಾಯರ ಮನೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುವವರು ಅವರೇ. ಮಳೆಗಾಲ ಮುಗಿದ ಮೇಲೆ ಕಲೆಕ್ಟರ್ ಸಾಹೇಬರು ವಾಡೆಗೆ ಊಟಕ್ಕೆ ಬರುವವರಿದ್ದಾರೆ, ಆ ಸಾಹೇಬರಿಗೆ ಗಿಡ, ಹಕ್ಕಿ, ಪ್ರಾಣಿ ಎಂದರೆ ಹುಚ್ಚು, ಅಂಥವೇ ಇಪ್ಪತ್ತನಾಲ್ಕು ಹಳೆಯ ಚಿತ್ರಗಳು ದೇಸಾಯರ ಹತ್ತಿರ ಇವೆ, ದಿವಾನಖಾನೆಯ ಗೋಡೆಗೆ ಕಟ್ಟು ಹಾಕಿ ಏರಿಸಬೇಕು ಎಂದರು. ಕೆಲಸ ವಾಡೆಯಲ್ಲೇ ಕೂತು ಮಾಡಬೇಕು, ಚಿತ್ರ ಹೊರಗೆ ಹೋಗುವ ಹಾಗಿಲ್ಲ. ದೊಡ್ಡ ಮನೆಯ ಚಾಕರಿ ಎಂದು ನಾನು ಹಿಗ್ಗಿದೆ.

ಹುಬ್ಬಳ್ಳಿಯಿಂದ ಗಾಜಿನ ಪೆಟ್ಟಿಗೆ ಶಿಗ್ಗಾಂವಿಯವರೆಗೆ ಮೋಟಾರಿನಲ್ಲಿ ಬಂತು. ಅಲ್ಲಿಂದ ಚಕ್ಕಡಿ. ಗಾಜುಗಳ ನಡುವೆ ಭತ್ತದ ಹುಲ್ಲು ಒತ್ತಿ, ಪೆಟ್ಟಿಗೆಯನ್ನು ಅಡ್ಡ ಮಲಗಿಸದೆ ನಿಲ್ಲಿಸಿ ಕಟ್ಟಿದ್ದೆ. ಗಾಜು ನಿಂತರೆ ಬದುಕುತ್ತದೆ, ಮಲಗಿದರೆ ಒಡೆಯುತ್ತದೆ. ಆದರೂ ಹಾನಗಲ್ಲ ದಾಟಿದ ಮೇಲೆ ಒಂದು ಹಳ್ಳದಲ್ಲಿ ಗಾಲಿ ಇಳಿದು ಐದು ಹಲಗೆ ಗಾಜು ಒಡೆದು ಹೋದವು. ಉಳಿದದ್ದನ್ನು ಎಣಿಸಿದರೆ, ದೊಡ್ಡ ಅಳತೆಯಲ್ಲಿ ಕೊಯ್ದರೆ ಇಪ್ಪತ್ತನಾಲ್ಕಕ್ಕೆ ಸಾಲುವಂತಿರಲಿಲ್ಲ. ಇದನ್ನು ಕಾರಭಾರಿಗೆ ಹೇಳಿದೆ. ಹೇಳಬಾರದಿತ್ತು.

ಚಿತ್ರಗಳು ತೊಗಲು ಹೊದಿಸಿದ ರಟ್ಟಿನ ಅಟ್ಟೆಯೊಂದರಲ್ಲಿ ಬಿಡಿಬಿಡಿಯಾಗಿ ಇದ್ದವು. ದೇವರಿಲ್ಲದ ಚಿತ್ರವನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮುತ್ತುಗದ ಒಂದು ಟೊಂಗೆ, ಅದರ ಕೆಳಗೆ ಹೂವನ್ನು ಸೀಳಿ ಒಳಗಿನದನ್ನು ತೋರಿಸಿದ್ದು, ಕಾಯಿ, ಬೀಜ. ಎಲೆಯ ಹಿಂದಿನ ಸಣ್ಣ ರೋಮವನ್ನೂ ಬಿಟ್ಟಿರಲಿಲ್ಲ. ಮಂಗಟ್ಟೆ ಹಕ್ಕಿ, ಚಿಪ್ಪುಹಂದಿ, ಉಡ, ಕಾಡುಕೋಣ, ಹೆಡೆ ಎತ್ತಿದ ನಾಗರ. ಗೆರೆಗಳು ಅಚ್ಚಿನವು, ಬಣ್ಣ ಮಾತ್ರ ಕೈಯಿಂದ ತುಂಬಿದ್ದು. ಒದ್ದೆ ಬೆರಳು ತಾಗಿಸಿದರೆ ಬೆರಳಿಗೆ ಹಸಿರು ಬರುತ್ತಿತ್ತು. ನೂರು ವರ್ಷದ ಮೇಲಿನ ಕಾಗದ, ಅರಿವೆ ಅರೆದು ಮಾಡಿದ್ದು, ಮಡಚಿದರೆ ಮುರಿಯದಂಥದು. ಮುತ್ತುಗವನ್ನು ನಾನು ದಿನಾ ನೋಡುತ್ತಿದ್ದೆ, ಊಟದ ಎಲೆಯೇ ಅದರದು. ಅದರ ಹೂವಿನ ಒಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಂದು ಸಂಜೆ ಊರಿನ ಶಾಲೆಯ ಮಾಸ್ತರರು ಬಂದರು. ಕರಿ ಟೊಪ್ಪಿಗೆ, ಒದ್ದೆ ಧೋತರ, ಕೈಯಲ್ಲಿ ಕಡ್ಡಿ ಮುರಿದ ಛತ್ರಿ. ವಾಡೆಯ ಒಳಗೆ ಬರಲಿಲ್ಲ, ನಾನು ಕೂತಿದ್ದ ಪಡಸಾಲೆಯ ಮೆಟ್ಟಿಲ ಮೇಲೆ ನಿಂತರು.

"ಕಟ್ಟು ಹಾಕಲಿಕ್ಕೆ ಬಂದವರು ನೀವೇ ಏನ್ರಿ? ಒಂದು ಮಾತು ಹೇಳಬೇಕಾಗೇದ. ಈ ಚಿತ್ರ ನಮ್ಮ ಸಾಲಿವು. ಇಲ್ಲಿದ್ದ ಜಂಗಲ್ ಖಾತೆ ಸಾಹೇಬರು ತಮ್ಮ ದೇಶಕ್ಕ ಹೋಗಬೇಕಾದ್ರ ಸಾಲಿಗೆ ಕೊಟ್ಟು ಹೋದರು. ದೇಸಾಯರು ನಮ್ಮ ಸಾಲಿ ಕಮಿಟಿ ಚೇರಮನ್ನರು, ಕಲೆಕ್ಟರ್ ಸಾಹೇಬರು ಬಂದು ಹೋಗೋ ತನಕಾ ಬೇಕು ಅಂದರು, ಕೊಟ್ಟೇನಿ."

ಆಮೇಲೆ ತಮಗೆ ಬೇಕಾದ ಮಾತಿಗೆ ಬಂದರು. ಅಂಚು ಕೊಯ್ಯಬಾರದು. ಬೆನ್ನಿಗೆ ಅಂಟು ಹಚ್ಚಬಾರದು. ಚಿತ್ರದ ತಲೆಗೆ ಮಾತ್ರ ಎರಡು ತೆಳ್ಳಗಿನ ಕಾಗದದ ಪಟ್ಟಿ ಅಂಟಿಸಿ ರಟ್ಟಿಗೆ ತೂಗಬಿಡಬೇಕು, ಆಗ ಕಾಗದ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗಿ ತನ್ನಷ್ಟಕ್ಕೆ ಇರುತ್ತದೆ. ಇದನ್ನೆಲ್ಲ ಆ ಸಾಹೇಬರೇ ಅವರಿಗೆ ತೋರಿಸಿಕೊಟ್ಟಿದ್ದರಂತೆ. "ಹಿಂದ ನಾನು ಒಂದೊಂದರ ಹೆಸರು ಬರದೇನಿ. ನಮ್ಮ ಹುಡುಗರು ತಂದು ಹೇಳಿದ ಹೆಸರು. ಅವು ಹೋಗಬಾರದ್ರಿ," ಅಂದರು.

"ಆಗಲಿ ಮಾಸ್ತರ್ರ," ಅಂದೆ.

ಮರುದಿನ ಬೆಳಿಗ್ಗೆ ಕಾರಭಾರಿ ಬಂದು ನಿಂತರು. ನಾನು ಮಾಸ್ತರರು ಹೇಳಿದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು, ನಕ್ಕರು.

"ಮಾಸ್ತರ ಕೆಲಸ ಮಾಸ್ತರ ಮಾಡಲಿ, ನಿನ್ನ ಕೆಲಸ ನೀ ಮಾಡು. ಗಾಜು ಸಾಲೂದಿಲ್ಲ ಅಂತ ನೀನ ಹೇಳಿದಿ. ಸುತ್ತ ಬಿಳೀದು ಕೊಯ್ದು ಒಗಿ. ಹಿಂದ ಗಟ್ಟ್ಯಾಗಿ ಅಂಟಸು. ದೇಸಾಯರ ಗ್ವಾಡಿ ಮ್ಯಾಲ ಚಿತ್ರ ಡೊಳ್ಳಾಗಿ ನಿಂತ್ರ ಯಾರ ಮಾನ ಹೋಗತೈತಿ? ನಿಂದು."

ನನ್ನ ಉಸ್ತಾದರು ಹೇಳಿದ್ದೂ ಅದೇ ಅಲ್ಲವೇ. ನನ್ನ ಕೈಗೆ ಅಭ್ಯಾಸವಿದ್ದದ್ದೂ ಅದೇ. ಹೀಗೆ ನನಗೆ ನಾನೇ ಹೇಳಿಕೊಂಡೆ. ಈಗ ನೆನೆದರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಮಾಸ್ತರರು ಕಾರಣ ಸಮೇತ ಹೇಳಿದ್ದರು, ಕಾರಭಾರಿ ಬರೇ ಹುಕುಂ ಮಾಡಿದ್ದರು. ನಾನು ಹುಕುಂ ಕೇಳಿದೆ.

ಮೊದಲು ಮುತ್ತುಗ. ಕಬ್ಬಿಣದ ಪಟ್ಟಿ ಇಟ್ಟು ಚಾಕುವಿನಿಂದ ನಾಲ್ಕೂ ಕಡೆ ಅಂಚು ಕೊಯ್ದೆ. ಕೆಳಗಿನ ಅಂಚಿನ ಮೂಲೆಯಲ್ಲಿ ದುಂಡಗಿನ ನೀಲಿ ಶಿಕ್ಕೆಯ ಮುದ್ರೆಯೊಂದಿತ್ತು, ಅದೂ ಹೋಯಿತು. ಕೊಯ್ದ ಪಟ್ಟಿಗಳನ್ನು ಸರಿ ಕಾಯಿಸುತ್ತಿದ್ದ ಒಲೆಗೆ ಹಾಕಿದೆ. ಒಳ್ಳೇ ಕಾಗದ, ಚೆನ್ನಾಗಿ ಉರಿಯಿತು. ಬೆನ್ನ ಮೇಲಿನ ಬರಹದ ಮೇಲೆ ಕುಂಚ ಆಡಿಸುವಾಗ ಅದನ್ನು ನೋಡಲೂ ಇಲ್ಲ. ಮಸಿ ಬಿಟ್ಟು ಸರಿ ನೀಲಿಯಾಯಿತು, ಕುಂಚ ತೊಳೆದುಕೊಂಡೆ. ರಟ್ಟಿನ ಮೇಲೆ ಇಟ್ಟು, ಅರಿವೆಯ ಉಂಡೆಯಿಂದ ನಡುವಿನಿಂದ ಹೊರಗೆ ಉಜ್ಜಿ ಗಾಳಿ ತೆಗೆದು, ಮೇಲೆ ಹಲಗೆ, ಅದರ ಮೇಲೆ ಬೀಸುವ ಕಲ್ಲು. ಮರುದಿನ ತೆಗೆದು ನೋಡಿದರೆ ಕನ್ನಡಿಯ ಹಾಗೆ ಸಪಾಟು. ಮಂಗಟ್ಟೆಯೂ ಹಾಗೇ ಆಯಿತು.

ಮೂರನೆಯದು ಚಿಪ್ಪುಹಂದಿ. ಅಂಚು ಕೊಯ್ದಾಗಿತ್ತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಬಣ್ಣ ಎಲ್ಲಿಯಾದರೂ ಸವೆದಿದೆಯೇ ನೋಡೋಣವೆಂದು ಚಿತ್ರವನ್ನು ಬೆಳಕಿಗೆ ಎತ್ತಿ ಹಿಡಿದೆ. ಬೆನ್ನಿನ ಬರಹ ಈಚೆಗೆ ಕಂಡಿತು. ತಿರುಗಿಸಿ ಓದಿದೆ. ಮೇಲೆ ಊರಿನ ಹೆಸರು, ಶಾಲೆಯ ಹೆಸರು, "ನಂಬರ ಮೂರು". ಕೆಳಗೆ ಆ ಪ್ರಾಣಿಯ ಹೆಸರು, ಅದನ್ನು ಯಾವ ಗುಡ್ಡದಲ್ಲಿ ಯಾವ ಹುಡುಗ ಕಂಡ ಎಂಬುದು, ಮಾಸ್ತರರ ಸಹಿ. ಆಗಲೂ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಕಾರಭಾರಿಯನ್ನು ಕರೆದು, "ಇಲ್ಲಿ ಸಾಲಿ ಹೆಸರು ಐತ್ರಿ, ಅಂಟು ಹಚ್ಚಿದ್ರ ಅಳಿಸಿ ಹೋಗತೈತಿ," ಅಂದೆ.

ಅವರ ಮುಖ ಒಂದು ಕ್ಷಣ ಬಿಗಿಯಾಯಿತು. "ಅದು ನಿನಗ್ಯಾಕ? ಅಳಿಸಿದ್ರ ಅಳಿಸಲಿ. ಕುಂಚ ತಗೋ, ನನ್ನ ಮುಂದ ಹಚ್ಚು."

ನಿಂತು ಹಚ್ಚಿಸಿದರು. ಎರಡು ಸಲ ಬಳಿಸಿದರು. ಕಲ್ಲು ಹೇರುವ ತನಕ ಅಲ್ಲಾಡಲಿಲ್ಲ.

ಅವರು ಹೋದ ಮೇಲೆ ನನಗೆ ಅರ್ಥವಾಯಿತು. ಅಂಚು ಕೊಯ್ಯಿಸಿದ್ದು ಗಾಜು ಸಾಲದೆಂದಲ್ಲ, ಶಾಲೆಯ ಶಿಕ್ಕೆ ಹೋಗಲೆಂದು. ಅಂಟಿಸಲು ಹೇಳಿದ್ದು ಚಿತ್ರ ಉಬ್ಬದಿರಲೆಂದಲ್ಲ, ಹೆಸರು ಮುಚ್ಚಲೆಂದು. ಎರವಲು ತಂದ ಮಾಲನ್ನು ಗುರುತಿಲ್ಲದಂತೆ ಮಾಡಿ ನುಂಗುವುದಕ್ಕೆ ನನ್ನ ಕೈಯನ್ನೇ ಬಳಸಿಕೊಳ್ಳುತ್ತಿದ್ದರು. ದನ ಕದ್ದವನು ಮುದ್ರೆಯ ಮೇಲೆ ಇನ್ನೊಂದು ಬರೆ ಹಾಕಿಸುತ್ತಾನಲ್ಲ, ಆ ಬರೆ ಹಾಕುವವನು ನಾನು.

ಗಂಟು ಕಟ್ಟಿಕೊಂಡು ಸವಣೂರಿಗೆ ಹೋಗಿಬಿಡಬಹುದಿತ್ತು. ಹೋದರೆ ಇನ್ನೊಬ್ಬನನ್ನು ಕರೆಸಿ ಉಳಿದ ಇಪ್ಪತ್ತೊಂದನ್ನೂ ಅಂಟಿಸುತ್ತಾರೆ. ದೇಸಾಯರ ಮುಂದೆ ನಿಂತು ಕೇಳುವ ಎದೆ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೀಗಾಗಿ ಮೋಸಕ್ಕೆ ಮೋಸವನ್ನೇ ಮಾಡಲು ನಿಶ್ಚಯಿಸಿದೆ. ಉಳಿದ ಒಂದನ್ನೂ ಕೊಯ್ಯುವುದಿಲ್ಲ, ಅಂಟಿಸುವುದಿಲ್ಲ, ಆದರೆ ನೋಡಿದವರಿಗೆ ಕೊಯ್ದು ಅಂಟಿಸಿದ ಹಾಗೆಯೇ ಕಾಣಬೇಕು.

ಅದಕ್ಕೆ ದಾರಿ ಹುಡುಕುವಷ್ಟರಲ್ಲಿ ಎರಡು ದಿನ ಹೋಯಿತು. ತೆಳ್ಳಗಿನ ರಟ್ಟನ್ನು ಕಿಟಕಿಯ ಹಾಗೆ ನಡುವೆ ಕೊರೆದು ಚಿತ್ರದ ಮೇಲೆ ಇಟ್ಟರೆ ಅಂಚು, ಶಿಕ್ಕೆ ಎರಡೂ ಅದರ ಕೆಳಗೆ ಅಡಗುತ್ತವೆ, ಚಿತ್ರಕ್ಕೆ ಗಾಜೂ ತಾಗುವುದಿಲ್ಲ. ಆದರೆ ಅಳತೆ ದೊಡ್ಡದಾಗುತ್ತದೆ, ಗಾಜು ಸಾಲದು. ವಾಡೆಯ ಅಟ್ಟದ ಮೇಲೆ ಹಳೆಯ ಕಪಾಟಿನ ಗಾಜಿನ ಬಾಗಿಲುಗಳು ಬಿದ್ದಿದ್ದವು. ಕಾರಭಾರಿಯನ್ನೇ ಕೇಳಿ ಇಸಿದುಕೊಂಡೆ. ಗಾಜು ಕೊಯ್ಯುವ ಹೀರಾಕಣಿಯಿಂದ ಗೆರೆ ಎಳೆದು ಮುರಿದರೆ ಹಳೆಯ ಗಾಜು ಹೊಸದರ ಮಾತು ಕೇಳುವುದಿಲ್ಲ, ಎರಡು ಸಲ ಅಂಗೈ ಸೀಳಿತು. "ಚೌಕಟ್ಟು ಯಾಕ ದೊಡ್ಡದಾತು?" ಎಂದು ಅವರು ಕೇಳಿದರು. "ಸಾಹೇಬ ಮಂದಿ ಮನಿಯೊಳಗ ಹಿಂಗ ಕಟ್ಟತಾರ್ರಿ," ಅಂದೆ. ಸಾಹೇಬರು ಎಂದ ಕೂಡಲೇ ಒಪ್ಪಿದರು. ಒಂದನ್ನು ತಮ್ಮ ಮುಂದೆಯೇ ಹಚ್ಚಿಸಿದ್ದರಲ್ಲ, ಉಳಿದವನ್ನು ನಿಂತು ನೋಡಲಿಲ್ಲ. ಮೊದಲ ಮೂರಕ್ಕೂ ಅಂಥದೇ ಕಿಟಕಿ ಹಾಕಿ ಎಲ್ಲವನ್ನೂ ಒಂದೇ ಅಳತೆಗೆ ತಂದೆ. ಹಿಂದೆ ಕಂದು ಕಾಗದ ಬಿಗಿದು ಅಂಟಿಸಿದರೆ ಒಳಗೆ ಏನಿದೆ ಎಂದು ಯಾರಿಗೆ ತಿಳಿಯಬೇಕು. ಮಾಸ್ತರರಿಗೂ ಹೇಳಲಿಲ್ಲ. ಆ ಮೂರರ ಸುದ್ದಿ ಹೇಳಬೇಕಾಗುತ್ತದಲ್ಲ, ಅದಕ್ಕೆ.

ಶ್ರಾವಣ ಬಂತು. ಪಂಚಮಿಯ ದಿನ ಬೆಳಗಿನಿಂದ ಹಿಡಿದ ಮಳೆ, ಹೆಣ್ಣುಮಕ್ಕಳು ಊರ ಹೊರಗಿನ ನಾಗರಕಟ್ಟೆಗೆ ಹೋಗುವಂತಿರಲಿಲ್ಲ. ಕುಂಬಾರರು ತಂದುಕೊಟ್ಟ ಮಣ್ಣಿನ ನಾಗಪ್ಪ ಒದ್ದೆಯಾಗಿ ಹೆಡೆ ಕಳಚಿಕೊಂಡಿತ್ತು. ನಾನು ಕಟ್ಟು ಹಾಕಿ ಮುಗಿಸಿದ ನಾಗರ ಪಡಸಾಲೆಯ ಗೋಡೆಗೆ ಒರಗಿ ನಿಂತಿತ್ತು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ದೇಸಾಯರ ಹೆಂಡತಿ, ಎಲ್ಲರೂ ವೈನಿ ಎನ್ನುತ್ತಿದ್ದ ದೊಡ್ಡ ಜೀವ, ಅದರ ಗಾಜಿಗೆ ಅರಿಷಿಣ ಕುಂಕುಮ ಹಚ್ಚಿ, ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತಿದ್ದರು. "ಇದು ಅಪ್ಪನ ಪಾಲು, ಇದು ಅವ್ವನ ಪಾಲು, ಇದು ಮಕ್ಕಳ ಪಾಲು." ಮನೆಯಲ್ಲಿದ್ದವರ ಪಾಲೆಲ್ಲ ಮುಗಿಯುವವರೆಗೆ ಎರೆದರು. ಹಾಲು ಗಾಜಿನಿಂದ ಇಳಿದು ಚೌಕಟ್ಟಿನ ಸಂದಿಯಲ್ಲಿ ಒಳಗೆ ಹೋಗುತ್ತಿತ್ತು.

ನಾನು ಕೂಗಲಿಲ್ಲ. ಪೂಜೆಯ ನಡುವೆ ಏನೆಂದು ಕೂಗಲಿ. ಅವರು ಒಳಗೆ ಹೋದದ್ದೇ ಚಿತ್ರವನ್ನು ಬೋರಲು ಹಾಕಿ ಕಂದು ಕಾಗದ ಸೀಳಿದೆ, ಮೊಳೆ ಕಿತ್ತೆ. ಕೆಳಗಿನ ಅಂಚು ನಾಲ್ಕು ಬೆರಳಷ್ಟು ಹಾಲು ಕುಡಿದಿತ್ತು. ಮಾಸ್ತರರು ಹೇಳಿದಂತೆ ತಲೆಗೆ ಅಂಟಿಸಿದ್ದ ಎರಡು ಪಟ್ಟಿ ಕೊಯ್ದ ಕೂಡಲೇ ಚಿತ್ರ ಬಿಡಿಯಾಗಿ ಕೈಗೆ ಬಂತು. ಗಂಗಾಳದಲ್ಲಿ ಮಳೆನೀರು ಹಿಡಿದು, ಒದ್ದೆಯಾದ ಅಂಚನ್ನಷ್ಟೇ ತೇಲಿಸಿ ತೇಲಿಸಿ ನೀರು ಬದಲಿಸಿದೆ. ಏಳನೆಯ ಸಲಕ್ಕೆ ಹಾಲಿನ ಜಿಡ್ಡು ಹೋಯಿತು. ಬಾಲದ ತುದಿಯ ಬಣ್ಣ ಸ್ವಲ್ಪ ಕದಡಿತು, ಗೆರೆ ಅಲ್ಲಾಡಲಿಲ್ಲ, ಬೆನ್ನಿನ ಬರಹ ಮೇಲಿದ್ದದ್ದರಿಂದ ಉಳಿಯಿತು. ಅಂಟಿಸಿದ್ದರೆ ರಟ್ಟು ಸರಿ ಹಾಲು ಮೂರೂ ಸೇರಿ ಕೊಳೆತು ಹುಳ ಬೀಳುತ್ತಿತ್ತು. ಆ ಮೂರು ಚಿತ್ರಗಳಿಗೆ ಎಂದಾದರೂ ನೀರು ತಾಗಿದರೆ ಅವುಗಳ ಗತಿ ಅದೇ ಎಂದು ಅಂದು ನನಗೆ ಖಾತ್ರಿಯಾಯಿತು.

ಕಲೆಕ್ಟರ್ ಸಾಹೇಬರು ಬಂದರು. ದಿವಾನಖಾನೆಯಲ್ಲಿ ಒಂದೊಂದೇ ಚಿತ್ರದ ಮುಂದೆ ನಿಂತು ನೋಡಿದರು. ಒಂದು ಮೊಳೆ ಸಡಿಲವಾಗಿದೆ ಎಂದು ನನ್ನ ಕೈಯಲ್ಲಿ ಸುತ್ತಿಗೆ ಹಿಡಿಸಿ ಮೂಲೆಯಲ್ಲಿ ನಿಲ್ಲಿಸಿದ್ದರು, ಎಲ್ಲ ನನ್ನ ಕಣ್ಣೆದುರೇ ಆಯಿತು. ಈ ಚಿತ್ರಗಳು ಎಲ್ಲಿಯವು ಎಂದು ಸಾಹೇಬರು ಕೇಳಿದ್ದಕ್ಕೆ ದೇಸಾಯರು ಮೀಸೆ ಮೇಲೆ ಕೈ ಆಡಿಸಿ, ತಮ್ಮ ಅಜ್ಜನವರಿಗೆ ಇಂಥವುಗಳ ಶೋಕಿ ಇತ್ತು ಎಂದರು. ಆ ಹೊತ್ತಿನಲ್ಲಿ ಮಾಸ್ತರರು ಹೊರಗೆ ಅಂಗಳದಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಸ್ವಾಗತದ ಹಾಡು ಹಾಡಿಸುತ್ತಿದ್ದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ.

ನಾನು ಸವಣೂರಿಗೆ ಮರಳಿದ ಎರಡು ತಿಂಗಳ ಮೇಲೆ ಮಾಸ್ತರರ ಕಾರ್ಡು ಬಂತು. ಚಿತ್ರ ಕೇಳಲು ಹೋದರೆ, ಗೋಡೆಗೆ ಏರಿ ಪೂಜೆಗೊಂಡದ್ದನ್ನು ಇಳಿಸಬಾರದು, ಮನೆಗೆ ಒಳ್ಳೆಯದಲ್ಲ ಎಂದು ದೇಸಾಯರು ಮೊದಲು ಹೇಳಿದರಂತೆ. ಆಮೇಲೆ, ಅವು ಶಾಲೆಯವು ಎಂಬುದಕ್ಕೆ ಏನು ಪುರಾವೆ ಎಂದು ಕೇಳಿದರಂತೆ. ಕೊಟ್ಟ ಸಾಹೇಬರು ವಿಲಾಯತಿಯಲ್ಲಿ. ಬರುವ ವಾರ ಡೆಪ್ಯುಟಿ ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರೆ, ಅವರು ಇಳಿದುಕೊಳ್ಳುವುದೂ ವಾಡೆಯಲ್ಲೇ, ನೀವು ಬಂದು ಕಂಡದ್ದು ಹೇಳಿದರೆ ಉಪಕಾರವಾದೀತು ಎಂದು ಬರೆದಿದ್ದರು. ಕೊನೆಗೆ ಒಂದು ಸಾಲು: ಚಿತ್ರಗಳಿಲ್ಲದೆ ಈ ವರ್ಷ ಹುಡುಗರಿಗೆ ಏನು ತೋರಿಸಲಿ ತಿಳಿಯದು. ಕಾರ್ಡು ಓದಿ ನನ್ನ ಮೈಯೆಲ್ಲ ಉರಿಯಿತು. ಚಾಕು, ಇಕ್ಕಳ ಚೀಲಕ್ಕೆ ಹಾಕಿಕೊಂಡು ಹೊರಟೆ.

ಡೆಪ್ಯುಟಿ ಸಾಹೇಬರು ದಿವಾನಖಾನೆಯಲ್ಲಿ ಲೋಡಿಗೆ ಒರಗಿ ಕೂತಿದ್ದರು. ದೇಸಾಯರು, ಕಾರಭಾರಿ, ಬಾಗಿಲ ಹತ್ತಿರ ಮಾಸ್ತರರು. ನಾನು ಹೋಗಿ ಕೈ ಮುಗಿದೆ.

"ಈ ಚಿತ್ರ ಸಾಲಿವ್ರಿ ಸಾಹೇಬ್ರ. ಕಟ್ಟು ಹಾಕಿದಾಂವ ನಾನು. ಹಿಂದ ಸಾಲಿ ಹೆಸರು ಐತಿ, ನನ್ನ ಕಣ್ಣಿಂದ ನೋಡೇನಿ."

ದೇಸಾಯರು ಸಿಟ್ಟಾಗಲಿಲ್ಲ. ಕಾರಭಾರಿಯ ಕಡೆ ಒಮ್ಮೆ ನೋಡಿದರು. ಕಾರಭಾರಿ ಧೈರ್ಯವಾಗಿ ತಲೆಯಾಡಿಸಿದರು.

"ಐತೇನು? ಹಂಗಾರ ಬಿಚ್ಚಿ ತೋರ್ಸೋ. ಸಾಹೇಬ್ರೂ ನೋಡಲಿ," ಅಂದರು ದೇಸಾಯರು. ಎಲ್ಲ ಅಂಟಿ ಹೋಗಿದೆ ಎಂಬ ಭರವಸೆ ಅವರದು.

ನಾನು ಕಾಡುಕೋಣವನ್ನು ಇಳಿಸಿದೆ. ಕಂದು ಕಾಗದ ಸೀಳಿ, ಮೊಳೆ ಕಿತ್ತು, ರಟ್ಟು ಎತ್ತಿ, ಚಿತ್ರವನ್ನು ತಿರುಗಿಸಿ ಡೆಪ್ಯುಟಿ ಸಾಹೇಬರ ಮುಂದೆ ಇಟ್ಟೆ. ಊರು, ಶಾಲೆ, ನಂಬರು, ಸಹಿ. ಮುಂದೆ ಅಂಚಿನಲ್ಲಿ ನೀಲಿ ಶಿಕ್ಕೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕಾರಭಾರಿಯ ಮುಖ ನೋಡಬೇಕಾಗಿತ್ತು. ನಾನು ನಿಲ್ಲಿಸಲಿಲ್ಲ. ಯಾರೂ ಇನ್ನೊಂದು ಬಿಚ್ಚು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದೊಂದಾಗಿ ಗೋಡೆಯಿಂದ ಇಳಿಸಿ ಬಿಚ್ಚಿದೆ.

ನಾಗರಕ್ಕೆ ಕೈ ಹಾಕಿದಾಗ ದೇಸಾಯರು ಎದ್ದು ನಿಂತರು. "ಅದನ್ನ ಮುಟ್ಟಬ್ಯಾಡ. ಮನ್ಯಾಗ ಹಾಲೆರದೈತಿ ಅದಕ್ಕ."

ನಡುಮನೆಯ ಬಾಗಿಲ ಹಿಂದಿನಿಂದ ವೈನಿ ಮಾತಾಡಿದರು. ಗಂಡನ ಹತ್ತಿರ ಅಲ್ಲ, ನನ್ನ ಹತ್ತಿರ. "ಒಯ್ಯಪ್ಪ ನೀ. ಮಂದಿ ಮನಿ ನಾಗಪ್ಪಗ ಹಾಲೆರದು ನನ್ನ ಮಕ್ಕಳ ಪಾಲು ಅಂತ ಬೇಡಿಕೊಂಡೇನಲ್ಲ ನಾನು. ನನಗ ಒಂದು ಮಾತು ಹೇಳಿದ್ದಿಲ್ಲ ಇವರು. ಆ ಪಾಪ ಈ ಮನ್ಯಾಗ ಇರೂದು ಬ್ಯಾಡ."

ದೇಸಾಯರು ಕುಳಿತರು. ಇಪ್ಪತ್ತೊಂದು ಚಿತ್ರ ಬೋರಲಾಗಿ ಜಮಖಾನೆಯ ಮೇಲೆ ಬಿದ್ದವು. ಗೋಡೆಯ ಮೇಲೆ ಮೂರು ಉಳಿದವು. ಮುತ್ತುಗ, ಮಂಗಟ್ಟೆ, ಚಿಪ್ಪುಹಂದಿ.

"ಅವೂ ಬಿಚ್ಚರಿ," ಅಂದರು ಡೆಪ್ಯುಟಿ ಸಾಹೇಬರು.

ಬಿಚ್ಚಿದೆ. ಹಿಂದೆ ಬರೇ ರಟ್ಟು. ಕಾರಭಾರಿ ಉಸಿರು ಬಿಟ್ಟದ್ದು ಕೇಳಿಸಿತು. "ಇವಕ್ಕ ಹೆಸರಿಲ್ಲಲ್ಲ," ಅಂದರು.

"ಐತ್ರಿ, ರಟ್ಟಿಗೆ ಅಂಟೈತಿ. ನೀರಾಗ ನೆನಸಿ ಎಬ್ಬಿಸಿದ್ರ ಎರಡು ಅಕ್ಷರನಾದ್ರೂ ಕಂಡಾವು," ಅಂದೆ. "ಆದ್ರ ಚಿತ್ರ ಉಳಿಯೂದು ನನಗ ಖಾತ್ರಿ ಇಲ್ಲ. ಬಣ್ಣ ಹೋಗತೈತಿ, ಹರೀಬಹುದು."

ಡೆಪ್ಯುಟಿ ಸಾಹೇಬರು ಮಾಸ್ತರರ ಕಡೆ ನೋಡಿದರು. ಮಾಸ್ತರರು ಮುಂದೆ ಬಂದರು. ಮುತ್ತುಗವನ್ನು ಎತ್ತಿಕೊಂಡರು. ಕೊಯ್ದ ಅಂಚಿನ ಮೇಲೆ ಬೆರಳು ಆಡಿಸಿದರು. ಇದನ್ನು ಯಾರು ಮಾಡಿದ್ದು ಎಂದು ಕೇಳಬೇಕಾಗಿರಲಿಲ್ಲ, ನನ್ನ ಕಡೆ ನೋಡಿದರು, ಅಷ್ಟೇ. ಆ ನೋಟಕ್ಕಿಂತ ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

"ಬ್ಯಾಡ್ರಿ," ಅಂದರು. "ನೆನಸಬ್ಯಾಡ್ರಿ. ನಮ್ಮದು ಅಂತ ತೋರಿಸಲಿಕ್ಕೆ ಅವನ್ನ ಕೊಲ್ಲೂದೇನ್ರಿ? ಎಲ್ಲೆ ಇರಲಿ, ಕೆಡದಂಗ ಉಳದರ ಸಾಕು."

ದೇಸಾಯರಿಗೆ ಮಾತು ವಾಪಸು ಬಂತು. ಡೆಪ್ಯುಟಿ ಸಾಹೇಬರ ಕಡೆ ತಿರುಗಿ ದೊಡ್ಡಸ್ತಿಕೆಯಿಂದ ನಕ್ಕರು. "ಹೆಸರಿದ್ದದ್ದು ಸಾಲೀದು, ಒಯ್ಯಲಿ. ಇವು ಮೂರು ನಮ್ಮ ಅಜ್ಜಂದ್ರವು. ಆದ್ರೂ ಸಾಲಿ ಬ್ಯಾರೆ ಅಲ್ಲ, ವಾಡೆ ಬ್ಯಾರೆ ಅಲ್ಲ. ಹುಡುಗ್ರು ಯಾವಾಗ ಬೇಕಾದ್ರೂ ಬಂದು ನೋಡಲಿ, ನಮ್ಮ ಬಾಗಲಾ ತೆರದ ಇರತೈತಿ."

ಡೆಪ್ಯುಟಿ ಸಾಹೇಬರು ತಲೆಯಾಡಿಸಿ ಆ ಮಾತನ್ನು ತಮ್ಮ ತಪಾಸಣೆಯ ವಹಿಯಲ್ಲಿ ಬರೆದುಕೊಂಡರು. ನನಗೆ ಅವರ ಮೇಲೂ ಸಿಟ್ಟು ಬಂತು. ಕಳ್ಳತನ ಕಣ್ಣಿಗೆ ಕಂಡಿತ್ತು, ಆದರೂ ಊಟ ಅಲ್ಲೇ ಆಗಬೇಕಾಗಿತ್ತಲ್ಲ. ಇಪ್ಪತ್ತೊಂದು ಚಿತ್ರಗಳನ್ನು ಅಟ್ಟೆಗೆ ಸೇರಿಸಿ ಮಾಸ್ತರರೂ ನಾನೂ ಶಾಲೆಗೆ ಹೊತ್ತೆವು. ಶಾಲೆಯ ಮೆಟ್ಟಿಲ ಹತ್ತಿರ ನಾನು ತಪ್ಪಾಯಿತು ಎಂದೆ. ಅವರು, "ಹೌದು, ತಪ್ಪಾತು," ಅಂದು ಒಳಗೆ ಹೋದರು.

ಆ ಬೇಸಿಗೆಯಲ್ಲಿ ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ಕೊಳ್ಳಲು ಬಂದಿದ್ದ ಕಾರಭಾರಿ ನನ್ನನ್ನು ಕಂಡು ಅಂಗಡಿಗೇ ಬಂದು ಎಗರಿದರು.

"ಮಾಸ್ತರಗ ನೀನ ಕಲಿಸಿಕೊಟ್ಟಿ ಹೌದಿಲ್ಲೋ? ರವಿವಾರ ಬಂತು ಅಂದ್ರ ಸಾಲಿ ಹುಡುಗ್ರು ವಾಡೆ ಬಾಗಲದಾಗ ಸಾಲು ಹಚ್ಚಿ ನಿಂದರತಾವ. ಒಕ್ಕಲಿಗ್ಯಾರ ಹುಡುಗ್ರು, ಧೂಳ ಕಾಲು. ಯಾಕ ಬಂದೀರಿ ಅಂದ್ರ, ನಮ್ಮ ಸಾಲಿ ಚಿತ್ರ ನೋಡಾಕ ಬಂದೇವ್ರಿ, ನಂಬರ ಒಂದು, ನಂಬರ ಎರಡು, ನಂಬರ ಮೂರು ಇಲ್ಲಿ ಅದಾವ್ರಿ ಅಂತಾವ. ಬೀಗರು ಬಂದು ಕುಂತಿರತಾರ, ಹೊರಗಿನ ದೊಡ್ಡ ಮಂದಿ ಕುಂತಿರತಾರ, ಅವರ ಮುಂದ. ಡೆಪ್ಯುಟಿ ವಹಿಯೊಳಗ ಬರದಾನ, ಬರಬ್ಯಾಡ ಅನ್ನಾಕ ಬರೂದಿಲ್ಲ. ದೇಸಾಯರಿಗೆ ದಿವಾನಖಾನ್ಯಾಗ ಕುಂಡ್ರೂದು ಸಾಕಾಗೈತಿ."

ನಾನು ಕಲಿಸಿರಲಿಲ್ಲ. ಆ ಬುದ್ಧಿ ನನಗೆ ಎಲ್ಲಿಂದ ಬರಬೇಕು. ಮಾಸ್ತರರು ಹುಡುಗರಿಗೆ ಸುಳ್ಳು ಹೇಳಿರಲಿಲ್ಲ, ಅಷ್ಟೇ. ಉಳಿದ ಮೂರು ಎಲ್ಲಿವೆ ಎಂದು ಅವರು ಕೇಳಿದ್ದಾರೆ, ಇವರು ಇದ್ದ ಜಾಗ ಹೇಳಿದ್ದಾರೆ.

ಮುಂದಿನ ರವಿವಾರ ಅಂಗಡಿ ಮುಚ್ಚಿ ನಾನೂ ಹೋದೆ. ಮೂವತ್ತರ ಮೇಲೆ ಹುಡುಗರಿದ್ದರು. ಗದ್ದಲ ಇಲ್ಲ, ನೂಕಾಟ ಇಲ್ಲ, ಒಬ್ಬರ ಹಿಂದೆ ಒಬ್ಬರು. ನಾನು ಹೋಗಿ ಸಾಲಿನ ಕೊನೆಗೆ ನಿಂತೆ. ಸಾಲು ಮೆಲ್ಲಗೆ ಮುಂದೆ ಸರಿಯಿತು. ನನ್ನ ಸರದಿ ಬಂದಾಗ ಬಾಗಿಲಲ್ಲಿ ಕಾರಭಾರಿ ಅಡ್ಡ ನಿಂತರು.

"ನೀ ಯಾಕ ಬಂದಿ?"

ಒಳಗೆ ದೇಸಾಯರು ಯಾರೋ ನಾಲ್ಕು ಜನ ಅತಿಥಿಗಳ ನಡುವೆ ಕೂತಿದ್ದರು. ಅವರೆಲ್ಲರಿಗೂ ಕೇಳಲಿ ಎಂದೇ ಜೋರಾಗಿ ಹೇಳಿದೆ:

"ನಾ ಕೆಡಿಸಿದ ಚಿತ್ರ ನೋಡಾಕ ಬಂದೇನ್ರಿ."